ಮದುವೆಗೆ ಒಪ್ಪಿಗೆ, ಬಾಳುವೆಗೆ ಪರವಾನಿಗೆ



ಒಂದು ದೇಶದಲ್ಲಿ ಇರಲು ಕಾನೂನಿನ ಅನುಮತಿ ಇಲ್ಲದ ಮನುಷ್ಯ ಅಲ್ಲಿ ಮದುವೆಯಾಗಬಹುದೆ? ಆದರೆ, ಆ ಮದುವೆಯಿಂದ ಅಲ್ಲಿಯೇ ಬಾಳುವ ಹಕ್ಕು ಬರುತ್ತದೆಯೆ? ಅವರಿಗೆ ಹುಟ್ಟಿದ ಮಕ್ಕಳು ಯಾವ ದೇಶದವರು? ಇವತ್ತು ನಾನು ಮಾತಾಡಲಿರುವುದು ಈ ಮೂರು ಪ್ರಶ್ನೆಗಳ ಬಗ್ಗೆ. ಮೊದಲನೆಯದಕ್ಕೆ ನಮ್ಮ ಕಾನೂನು ಹೌದು ಎನ್ನುತ್ತದೆ. ಎರಡನೆಯದಕ್ಕೆ ಇಲ್ಲ ಎನ್ನುತ್ತದೆ. ಮೂರನೆಯದಕ್ಕೆ ಅದು ಕೊಡುವ ಉತ್ತರ ನನಗೆ ಅನ್ಯಾಯವೆನಿಸಿದೆ. ಅದನ್ನು ನಿಮ್ಮ ಮುಂದೆ ಹೇಳಬೇಕೆಂದೇ ಈ ವಿಷಯವನ್ನು ಆರಿಸಿಕೊಂಡೆ.

ಇದು ಗಡಿ ರಾಜ್ಯಗಳ ತಕರಾರು, ಮಲಪ್ರಭೆಯ ದಂಡೆಯಲ್ಲಿ ಇದನ್ನು ಏಕೆ ಎತ್ತಬೇಕು ಎಂದು ಕೆಲವರಿಗೆ ಅನಿಸಬಹುದು. ಆದರೆ ಮನೆಯೊಳಗಿನ ಸಂಬಂಧವನ್ನು ಸರಕಾರ ಒಪ್ಪುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗೆ ರಕ್ತ ಹರಿದದ್ದು ಇದೇ ನೆಲದಲ್ಲಿ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ದತ್ತಕ ಪಡೆದ ಮಗನಿದ್ದ. ಶಾಸ್ತ್ರದ ಪ್ರಕಾರ, ಮನೆತನದ ಕಣ್ಣಿನಲ್ಲಿ, ಊರಿನ ಕಣ್ಣಿನಲ್ಲಿ ಅವನು ಮಗನೇ. ಧಾರವಾಡದಲ್ಲಿದ್ದ ಕಂಪನಿ ಅಧಿಕಾರಿ ಥ್ಯಾಕರೆಗೆ ಮಾತ್ರ ಆ ದತ್ತಕದ ಮೇಲೆ ಸಂಶಯ. ಅವನು ಒಪ್ಪಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚೆನ್ನಮ್ಮ ರಾಣಿ ಇದೇ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಪ್ರಾಣ ಬಿಟ್ಟಳು. ಆ ಯುದ್ಧದಲ್ಲಿ ರಾಜ್ಯದ ಪ್ರಶ್ನೆ ಇತ್ತು, ಖಜಾನೆಯ ಪ್ರಶ್ನೆಯೂ ಇತ್ತು, ನಿಜ. ಆದರೆ ಕಂಪನಿ ಹಿಡಿದ ಆಯುಧ ಒಂದು ಸಂಬಂಧದ ಮಾನ್ಯತೆಯದು.

ಇನ್ನು ರಾಮದುರ್ಗದವರಿಗೆ ಗಡಿಯ ವಿಷಯ ಹೊಸದಲ್ಲ. 1948ರ ಮಾರ್ಚ್‌ವರೆಗೆ ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ಸವದತ್ತಿ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯ ಪರಸಗಡ ತಾಲ್ಲೂಕಿನಲ್ಲಿತ್ತು, ಬೈಲಹೊಂಗಲ ಅದೇ ಜಿಲ್ಲೆಯ ಸಂಪಗಾಂವ ತಾಲ್ಲೂಕಿನಲ್ಲಿ. ನಡುವಿನ ತೊರಗಲ್ಲು ಕೊಲ್ಹಾಪುರದ ಅಧೀನ. ಎತ್ತಿನ ಬಂಡಿಯ ನಿಬ್ಬಣ ಒಂದು ಹಗಲಿನಲ್ಲಿ ಮೂರು ಸರಕಾರಗಳ ನೆಲವನ್ನು ದಾಟಬಹುದಿತ್ತು. ಸವದತ್ತಿಯ ಮಗಳು ಬ್ರಿಟಿಷ್ ಪ್ರಜೆ. ರಾಮದುರ್ಗದ ಅಳಿಯ ಬ್ರಿಟಿಷ್ ಪ್ರಜೆಯಲ್ಲ, ಸಂಸ್ಥಾನದ ಪ್ರಜೆ. ಆ ಸೊಸೆಯಂದಿರನ್ನು ಯಾರೂ ಗಡಿಯಲ್ಲಿ ನಿಲ್ಲಿಸಿ ಕಾಗದ ಕೇಳಲಿಲ್ಲ. ಸಂವಿಧಾನ ಬಂದಾಗ 5ನೆಯ ವಿಧಿ ಎಲ್ಲರನ್ನೂ ಒಟ್ಟಿಗೆ ಪೌರರನ್ನಾಗಿ ಮಾಡಿತು. ಇಲ್ಲಿ ಕುಳಿತಿರುವ ಅನೇಕರ ಅಜ್ಜಿ, ಮುತ್ತಜ್ಜಿಯರು ಹೀಗೆ ಗಡಿ ದಾಟಿ ಬಂದ ಸೊಸೆಯಂದಿರೇ.

ಗಡಿಯಲ್ಲಿ ಮದುವೆಯ ಕಾಗದ ಕೇಳುವ ಕಾನೂನಿನಿಂದ ಭಾರತೀಯರು ಎಷ್ಟು ನೊಂದಿದ್ದಾರೆ ಎಂಬುದಕ್ಕೆ ದಕ್ಷಿಣ ಆಫ್ರಿಕದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಾಂಧೀಜಿ 1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದು ನಮಗೆಲ್ಲ ಗೊತ್ತು. ಅದಕ್ಕೆ ಹನ್ನೊಂದು ವರ್ಷ ಮೊದಲು ಅವರು ನಡೆಸಿದ ಹೋರಾಟದ ಒಂದು ಮುಖ್ಯ ಕಾರಣ ಮದುವೆ ಮತ್ತು ವಲಸೆ ಕಾನೂನು ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ. 1913ರ ಮಾರ್ಚ್ 14ರಂದು ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲ್ ಒಂದು ತೀರ್ಪು ಕೊಟ್ಟರು. ಅಲ್ಲಿ ನೆಲೆಸಿದ್ದ ಭಾರತೀಯನೊಬ್ಬನ ಹೆಂಡತಿ ಹಡಗಿನಿಂದ ಇಳಿಯಲು ಬಂದಾಗ ವಲಸೆ ಅಧಿಕಾರಿಗಳು ತಡೆದಿದ್ದರು. ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಂತೆ ಆದ ಮದುವೆಯನ್ನು ಆ ದೇಶದ ಕಾನೂನು ಮದುವೆಯೆಂದು ಎಣಿಸುವುದಿಲ್ಲ, ಆದ್ದರಿಂದ ಅವಳು ಹೆಂಡತಿಯಲ್ಲ, ಅವಳಿಗೆ ಪ್ರವೇಶದ ಹಕ್ಕಿಲ್ಲ ಎಂಬುದು ತೀರ್ಪಿನ ಸಾರ. ಒಂದೇ ಏಟಿಗೆ ಹಿಂದೂ, ಮುಸ್ಲಿಮ್, ಪಾರ್ಸಿ ಮದುವೆಗಳೆಲ್ಲ ಬಿದ್ದುಹೋದವು. ದಶಕಗಟ್ಟಲೆ ಸಂಸಾರ ಮಾಡಿದ ಹೆಂಗಸರು ಕಾನೂನಿನ ಕಣ್ಣಿನಲ್ಲಿ ಇಟ್ಟುಕೊಂಡವರಾದರು, ಮಕ್ಕಳು ಹಾದರದವರಾದರು.

ಆಗ ಹೆಂಗಸರು ಸತ್ಯಾಗ್ರಹಕ್ಕೆ ಇಳಿದರು. 1913ರ ಸೆಪ್ಟೆಂಬರಿನಲ್ಲಿ ಕಸ್ತೂರಬಾ ಇದ್ದ ಮೊದಲ ತಂಡ ಪರವಾನಿಗೆ ಇಲ್ಲದೆ ಟ್ರಾನ್ಸ್‌ವಾಲ್ ಗಡಿ ದಾಟಿತು; ಎಲ್ಲರಿಗೂ ಮೂರು ತಿಂಗಳ ಕಠಿಣ ಶಿಕ್ಷೆ. ಅದೇ ಹೋರಾಟದಲ್ಲಿ ಸೆರೆಗೆ ಹೋದ ತಮಿಳು ಹುಡುಗಿ ವಳ್ಳಿಯಮ್ಮ ಬಿಡುಗಡೆಯಾದ ಸ್ವಲ್ಪ ದಿನಕ್ಕೆ ತೀರಿಕೊಂಡಳು. ಮರುವರ್ಷ, 1914ರಲ್ಲಿ, ಭಾರತೀಯರ ಪರಿಹಾರ ಕಾಯ್ದೆ ಬಂದು ಒಬ್ಬಳೇ ಹೆಂಡತಿಯಿರುವ ಮದುವೆಗಳಿಗೆ ಮಾನ್ಯತೆ ಸಿಕ್ಕಿತು. ಮದುವೆ ನಿಜವೋ ಸುಳ್ಳೋ ಎಂದು ಬಂದರಿನ ಅಧಿಕಾರಿ ತೀರ್ಮಾನಿಸುವ ಪದ್ಧತಿ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. 1979ರ ಜನವರಿಯಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ, ಮದುವೆಯಾಗಲೆಂದು ಬಂದ ಭಾರತೀಯ ಶಿಕ್ಷಕಿಯೊಬ್ಬರನ್ನು ಕನ್ಯತ್ವ ಪರೀಕ್ಷೆಗೆ ಒಳಪಡಿಸಿದರು. ಪತ್ರಿಕೆಯಲ್ಲಿ ಸುದ್ದಿಯಾದ ಮೇಲೆ ಅದನ್ನು ನಿಲ್ಲಿಸಿದರು.

ಹೊರಗಿನವರು ನಮಗೆ ಮಾಡಿದ್ದನ್ನು ಹೇಳಿ ಕೋಪಗೊಳ್ಳುವುದು ಸುಲಭ. ನಮ್ಮದೇ ಕಾನೂನು ಏನು ಹೇಳುತ್ತದೆ ಎಂದು ಈಗ ನೋಡೋಣ.

1954ರ ವಿಶೇಷ ವಿವಾಹ ಕಾಯ್ದೆಯ 4ನೆಯ ಸೆಕ್ಷನ್ ಯಾವುದೇ ಇಬ್ಬರು ವ್ಯಕ್ತಿಗಳ ನಡುವಿನ ಮದುವೆಯ ಬಗ್ಗೆ ಮಾತಾಡುತ್ತದೆ. ಪೌರರು ಎನ್ನುವುದಿಲ್ಲ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದರೆ ನೋಟಿಸು ಕೊಡಬಹುದು. ಮತ್ತೆ 30 ದಿನ ಕಳೆದ ಮೇಲೆ, ಆಕ್ಷೇಪಣೆ ನಿಲ್ಲದಿದ್ದರೆ, ಮದುವೆ. ಸಂವಿಧಾನದ 21ನೆಯ ವಿಧಿ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆಯನ್ನು ಕೊಡುವುದು ಪ್ರತಿಯೊಬ್ಬ ವ್ಯಕ್ತಿಗೆ. ಆ ರಕ್ಷಣೆ ಪೌರರಲ್ಲದವರಿಗೂ ಇದೆ ಎಂದು ಅರುಣಾಚಲದ ಚಕ್ಮಾ ಜನರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟಪಟ್ಟವರನ್ನು ಮದುವೆಯಾಗುವುದು ಅದೇ 21ನೆಯ ವಿಧಿಯ ಭಾಗ ಎಂದು ಶಫೀನ್ ಜಹಾನ್ ಪ್ರಕರಣದಲ್ಲಿ 2018ರಲ್ಲಿ ಹೇಳಿತು. ಎರಡನ್ನೂ ಕೂಡಿಸಿ ಓದಿದರೆ, ಕಾಗದ ಇಲ್ಲದವನ ಮದುವೆಯೂ ಮದುವೆಯೇ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪಾಸ್‌ಪೋರ್ಟು, ವೀಸಾ, ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ ಎಂದು ಕೇಳಿದಾಗ ಇಂಥವರು ಎಡವುತ್ತಾರೆ. ಅದು ಆಚರಣೆಯ ತೊಡಕು. ಮದುವೆಯ ಮೂಲ ಕಾಯ್ದೆಯಲ್ಲಿ ತಡೆ ಇಲ್ಲ.

ಆದರೆ ದೇಶದಲ್ಲಿ ವಾಸಿಸುವ, ನೆಲೆಸುವ ಹಕ್ಕು ಇರುವುದು 19ನೆಯ ವಿಧಿಯಲ್ಲಿ. ಅದು ಪೌರರಿಗೆ ಮಾತ್ರ. ವಿದೇಶೀಯನನ್ನು ಹೊರಹಾಕುವ ಸರಕಾರದ ಅಧಿಕಾರಕ್ಕೆ ಮಿತಿಯೇ ಇಲ್ಲವೆಂಬಂತೆ 1955ರಲ್ಲಿ ಹಾನ್ಸ್ ಮುಲ್ಲರ್ ಪ್ರಕರಣದಲ್ಲಿ ತೀರ್ಪು ಬಂತು. 1991ರಲ್ಲಿ ಲೂಯಿ ದ ರೇಡ್ ಪ್ರಕರಣದಲ್ಲಿ ಅದೇ ಮಾತು ಗಟ್ಟಿಯಾಯಿತು. ಹೀಗಾಗಿ ಒಂದು ವಿಧಿ ತಾಳಿ ಕಟ್ಟಿಸುತ್ತದೆ, ಇನ್ನೊಂದರ ಬಲದಿಂದ ಸರಕಾರ ಆ ಇಬ್ಬರನ್ನು ಬೇರೆ ಮಾಡಬಹುದು. ಈ ತೀರ್ಪುಗಳಲ್ಲಿ ನನಗೆ ಕಾಣದೇ ಹೋದದ್ದು ದಂಪತಿಗಳ ಇನ್ನರ್ಧ. ಗಂಡ ಹೆಂಡಿರಲ್ಲಿ ಒಬ್ಬರು ಭಾರತದ ಪೌರರಾಗಿದ್ದಾಗ ಗಡೀಪಾರು ಆಗುವುದು ವಿದೇಶೀಯ ಒಬ್ಬನೇ ಅಲ್ಲ. ನಮ್ಮ ಪೌರಳ ಸಂಸಾರವೂ ಅವನ ಜೊತೆಗೆ ಹೋಗುತ್ತದೆ. ತನ್ನ ಗಂಡನ ಜೊತೆ ತನ್ನ ಊರಿನಲ್ಲಿ ಬಾಳುವ ಅವಳ ಹಕ್ಕನ್ನು ಯಾರು ವಿಚಾರಿಸಬೇಕು?

1955ರ ಪೌರತ್ವ ಕಾಯ್ದೆ ಮೊದಲು ಬಂದಾಗ ಈ ವಿಷಯದಲ್ಲಿ ಉದಾರವಾಗಿತ್ತು. ಭಾರತೀಯನನ್ನು ಮದುವೆಯಾದ ಹೆಂಗಸು ನೋಂದಣಿಯ ಮೂಲಕ ಪೌರಳಾಗಬಹುದಿತ್ತು. 1986ರ ತಿದ್ದುಪಡಿ ಈ ಅವಕಾಶವನ್ನು ಗಂಡಸರಿಗೂ ವಿಸ್ತರಿಸಿತು, ಜೊತೆಗೆ ಐದು ವರ್ಷದ ವಾಸದ ಷರತ್ತು ಹಾಕಿತು. 2003ರ ತಿದ್ದುಪಡಿ ಅದನ್ನು ಏಳು ವರ್ಷ ಮಾಡಿತು. ಐದೋ ಏಳೋ, ಅದು ದೊಡ್ಡ ಮಾತಲ್ಲ. ದೊಡ್ಡ ಮಾತು, ಅಕ್ರಮ ವಲಸಿಗನಿಗೆ ಈ ಬಾಗಿಲು ಪೂರ್ತಿ ಮುಚ್ಚಿದ್ದು. ಪಾಸ್‌ಪೋರ್ಟು ಇಲ್ಲದೆ ಬಂದವರು ಅಕ್ರಮ ವಲಸಿಗರು. ಸರಿಯಾದ ವೀಸಾದ ಮೇಲೆ ಬಂದು ಅವಧಿ ಮೀರಿ ಉಳಿದವರೂ ಅಕ್ರಮ ವಲಸಿಗರು. ಮೂರು ತಿಂಗಳ ವೀಸಾದ ಮೇಲೆ ಬಂದ ಸೊಸೆ, ಬಸಿರಿನ ಕಾರಣಕ್ಕೋ ತಿಳಿವಳಿಕೆ ಇಲ್ಲದೆಯೋ ನವೀಕರಣ ತಪ್ಪಿಸಿಕೊಂಡರೆ, ಇಪ್ಪತ್ತು ವರ್ಷ ಇಲ್ಲಿ ಸಂಸಾರ ಮಾಡಿದರೂ ಹೆಂಡತಿಯೆಂದು ಅರ್ಜಿ ಹಾಕಲಾರಳು. ಅರ್ಜಿ ಹಾಕಿದರೆ ತಾನು ಅಕ್ರಮವಾಗಿ ಇದ್ದೇನೆಂದು ತಾನೇ ಬರೆದುಕೊಟ್ಟಂತೆ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶೀಯರ ಕಾಯ್ದೆಯಲ್ಲಿ ಅವಧಿ ಮೀರಿ ಉಳಿದವರಿಗೆ ಮೂರು ವರ್ಷದವರೆಗೆ ಸೆರೆ ಅಥವಾ ಮೂರು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಕಾಗದವಿಲ್ಲದೆ ಒಳಬಂದವರಿಗೆ ಐದು ವರ್ಷ, ಐದು ಲಕ್ಷ.

ಮಕ್ಕಳ ವಿಷಯಕ್ಕೆ ಬರುತ್ತೇನೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದ ನೆಲದಲ್ಲಿ ಹುಟ್ಟಿದ ಮಗು, ತಂದೆ ತಾಯಿ ಯಾರೇ ಇರಲಿ, ಭಾರತೀಯ. ಆಮೇಲೆ 2004ರ ಡಿಸೆಂಬರ್ 3ರವರೆಗೆ ಹುಟ್ಟಿದ್ದರೆ, ತಂದೆ ತಾಯಿಯರಲ್ಲಿ ಒಬ್ಬರಾದರೂ ಪೌರರಿರಬೇಕು. ಅದರ ನಂತರ ಹುಟ್ಟಿದ್ದರೆ ಇಬ್ಬರೂ ಪೌರರಿರಬೇಕು, ಇಲ್ಲವೆ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಆ ಹೊತ್ತಿಗೆ ಅಕ್ರಮ ವಲಸಿಗರಾಗಿರಬಾರದು. ಅಂದರೆ ತಂದೆ ಬೈಲಹೊಂಗಲದ ಪೌರ, ಮಗು ಹುಟ್ಟಿದ್ದು ಬೈಲಹೊಂಗಲದ ಸರಕಾರಿ ದವಾಖಾನೆಯಲ್ಲಿ, ತಾಯಿಯ ವೀಸಾ ಮುಗಿದು ಒಂದು ತಿಂಗಳಾಗಿತ್ತು ಎಂದಿಟ್ಟುಕೊಳ್ಳಿ. ಆ ಮಗು ಹುಟ್ಟಿನಿಂದ ಭಾರತೀಯ ಅಲ್ಲ.

ಇದು ಬರಿಯ ಊಹೆಯ ಉದಾಹರಣೆಯಲ್ಲ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಕಿತ್ತೂರಿನಿಂದ ಧಾರವಾಡ ದಾಟಿ ಮುಂದೆ ಹೋದರೆ ಮುಂಡಗೋಡ. 1966ರಲ್ಲಿ ಅಲ್ಲಿ ಟಿಬೆಟಿನ ನಿರಾಶ್ರಿತರ ನೆಲೆ ಶುರುವಾಯಿತು. ನಿಜಲಿಂಗಪ್ಪನವರು ಆಗ ಮುಖ್ಯಮಂತ್ರಿ. ಅಷ್ಟರಲ್ಲಾಗಲೇ ಬೈಲಕುಪ್ಪೆಯ ನೆಲೆ ಇತ್ತು. ಕಾಡು ಕಡಿದು ಗೋವಿನಜೋಳ ಬೆಳೆದು, ಡ್ರೆಪುಂಗ್, ಗಾಂದೆನ್ ಮಠಗಳನ್ನು ಮತ್ತೆ ಕಟ್ಟಿಕೊಂಡ ಜನ ಅವರು. ಚಳಿಗಾಲ ಬಂತೆಂದರೆ ಹುಬ್ಬಳ್ಳಿ, ಬೆಳಗಾವಿಯ ಬೀದಿಗಳಲ್ಲಿ ಸ್ವೆಟರ್ ಮಾರುವ ಟಿಬೆಟನ್ನರನ್ನು ನೀವೆಲ್ಲ ನೋಡಿದ್ದೀರಿ. ಅವರ ಕೈಯಲ್ಲಿರುವುದು ವಿದೇಶೀಯರ ನೋಂದಣಿ ಪ್ರಮಾಣಪತ್ರ. ಅವರು ಅದನ್ನು ಆರ್‌ಸಿ ಎನ್ನುತ್ತಾರೆ. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು.

1950 ಮತ್ತು 1987ರ ನಡುವೆ ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಪೌರರು ಎಂಬುದು ಕಾಯ್ದೆಯಲ್ಲಿ ಸ್ಪಷ್ಟವಾಗಿದ್ದರೂ ಅವರಿಗೆ ಪಾಸ್‌ಪೋರ್ಟು ಕೊಡುತ್ತಿರಲಿಲ್ಲ. 2010ರಲ್ಲಿ ದಿಲ್ಲಿ ಹೈಕೋರ್ಟ್, 2013ರಲ್ಲಿ ಲಿಂಗ್ ರಿಂಪೋಚೆಯವರ ಪ್ರಕರಣದಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್, ಅವರು ಪೌರರೇ ಎಂದು ಹೇಳಬೇಕಾಯಿತು. ಕರ್ನಾಟಕದ ನ್ಯಾಯಾಲಯ ಹೇಳಿದ ಆ ಮಾತಿನ ಬಗ್ಗೆ ನನಗೆ ಅಭಿಮಾನವಿದೆ.

ಈಗ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಿ. ಗಂಡ 1980ರಲ್ಲಿ ಮುಂಡಗೋಡದಲ್ಲಿ ಹುಟ್ಟಿದವನು: ಭಾರತೀಯ. ಹೆಂಡತಿ 1990ರಲ್ಲಿ ಅದೇ ಊರಿನಲ್ಲಿ, ಟಿಬೆಟಿನಿಂದ ಬಂದ ತಂದೆ ತಾಯಿಗೆ ಹುಟ್ಟಿದವಳು: ವಿದೇಶೀಯಳು, ಆದರೆ ಗಡಿ ದಾಟಿ ಬಂದವಳಲ್ಲ. ಅವರ ಮಗು ಭಾರತೀಯ. ಪಕ್ಕದ ಮನೆಯಲ್ಲಿ ಅದೇ ವಯಸ್ಸಿನ ಗಂಡ. ಹೆಂಡತಿ ಮಾತ್ರ ಹುಡುಗಿಯಾಗಿದ್ದಾಗ ಹಿಮದಲ್ಲಿ ನಡೆದು, ಕೈಯಲ್ಲಿ ಯಾವ ಕಾಗದವೂ ಇಲ್ಲದೆ ನೇಪಾಳದ ಮೂಲಕ ಬಂದವಳು. ಕಾಯ್ದೆಯ ಅಕ್ಷರ ಹಿಡಿದರೆ ಅವಳು ಅಕ್ರಮ ವಲಸಿಗರಲ್ಲಿ ಒಬ್ಬಳು, ಅವಳ ಮಗು ಹುಟ್ಟಿನಿಂದ ಭಾರತೀಯ ಅಲ್ಲ. ಎರಡೂ ಮಕ್ಕಳು ಒಂದೇ ಶಾಲೆಗೆ ಹೋಗುತ್ತವೆ, ಒಂದೇ ಕನ್ನಡ ಮಾತಾಡುತ್ತವೆ. 2019ರ ತಿದ್ದುಪಡಿ ಅಕ್ರಮ ವಲಸಿಗರೆಂಬ ಹಣೆಪಟ್ಟಿಯಿಂದ ಕೆಲವರನ್ನು ಬಿಡಿಸಿತು. ಆದರೆ ಅದು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ ಬಂದ ಆರು ಧರ್ಮಗಳವರಿಗೆ. ಟಿಬೆಟಿನಿಂದ ಬಂದ ಬೌದ್ಧರು ಆ ಪಟ್ಟಿಯಲ್ಲಿಲ್ಲ.

ಮುಂಡಗೋಡವಿರುವ ಉತ್ತರ ಕನ್ನಡ ಜಿಲ್ಲೆಯ ಇನ್ನೊಂದು ತುದಿ ಭಟ್ಕಳ. ಅಲ್ಲಿನ ನವಾಯತ ಮನೆತನಗಳ ನೆಂಟಸ್ತನ ಕರಾಚಿಯವರೆಗೆ ಹರಡಿದೆ. ದೇಶ ಒಡೆದ ಮೇಲೂ ಹೆಣ್ಣು ಕೊಟ್ಟು ತರುವುದು ನಿಲ್ಲಲಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ನಡೆದ ಹತ್ಯೆಯ ನಂತರ ಪಾಕಿಸ್ತಾನಿಯರ ಬಹುತೇಕ ವೀಸಾಗಳು ರದ್ದಾದವು. ಅಟ್ಟಾರಿ ಗಡಿಯಲ್ಲಿ ಭಾರತದ ಪಾಸ್‌ಪೋರ್ಟಿನ ತಾಯಂದಿರು, ಪಾಕಿಸ್ತಾನದ ಪಾಸ್‌ಪೋರ್ಟಿನ ಮಕ್ಕಳು ಬೇರೆ ಬೇರೆ ಸಾಲಿನಲ್ಲಿ ನಿಂತದ್ದನ್ನು ದೇಶವೆಲ್ಲ ನೋಡಿತು. ಅಮಾಯಕರನ್ನು ಕೊಂದವರ ಮೇಲೆ ನಮಗಿರುವ ಸಿಟ್ಟು ನ್ಯಾಯವಾದದ್ದು. ಆ ಮಕ್ಕಳು ಕೊಂದವರಲ್ಲ.

ಸುಳ್ಳು ಮದುವೆಗಳ ಮಾತೇನು ಎಂದು ನೀವು ಕೇಳಬಹುದು, ಕೇಳಬೇಕು. ಕಾಗದಕ್ಕಾಗಿಯೇ ಮದುವೆಯಾಗುವವರಿದ್ದಾರೆ. ಅದರ ದಂಧೆ ನಡೆಸುವ ದಲಾಲರೂ ಇದ್ದಾರೆ. ಅಮೆರಿಕ ಇದಕ್ಕಾಗಿ 1986ರಲ್ಲಿ ಒಂದು ಕಾಯ್ದೆ ಮಾಡಿತು: ಮದುವೆಯಾಗಿ ಎರಡು ವರ್ಷ ತುಂಬುವ ಮೊದಲು ಸಿಗುವ ಗ್ರೀನ್ ಕಾರ್ಡ್ ಷರತ್ತಿನದು, ಆ ಕಾರ್ಡಿಗೆ ಎರಡು ವರ್ಷ ಮುಗಿಯುವ ಹೊತ್ತಿಗೆ ಸಂಸಾರ ನಿಜವೆಂದು ತೋರಿಸಬೇಕು. ಆ ಷರತ್ತು ಕೆಟ್ಟ ಗಂಡಂದಿರ ಕೈಯಲ್ಲಿ ಚಾಟಿಯಾಯಿತು. ಸಹಿ ಹಾಕುವುದಿಲ್ಲ, ನಿನ್ನನ್ನು ಊರಿಗೆ ಕಳಿಸುತ್ತೇನೆ ಎಂದು ಹೆದರಿಸಿ ಹೊಡೆಯುವವರು ಹೆಚ್ಚಿದರು. ಅದಕ್ಕೆ 1994ರಲ್ಲಿ ಹೆಂಗಸರ ಮೇಲಿನ ಹಿಂಸೆಯ ಕಾಯ್ದೆ ತಂದು, ಅಲ್ಲಿನ ಪೌರನ ಅಥವಾ ಗ್ರೀನ್ ಕಾರ್ಡ್ ಇರುವವನ ಕೈಯಲ್ಲಿ ನೊಂದ ಹೆಂಡತಿ ಗಂಡನ ಸಹಿಯಿಲ್ಲದೆ ತಾನೇ ಅರ್ಜಿ ಹಾಕಲು ದಾರಿ ಮಾಡಿದರು. ಆಮೇಲೆ 1996ರ ಕಾಯ್ದೆ ಬಂದು, ಅನುಮತಿಯಿಲ್ಲದೆ 180 ದಿನಕ್ಕಿಂತ ಹೆಚ್ಚು ಉಳಿದು ದೇಶ ಬಿಟ್ಟವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಉಳಿದಿದ್ದವರಿಗೆ ಹತ್ತು ವರ್ಷ ಮರುಪ್ರವೇಶವಿಲ್ಲವೆಂದಿತು. ಅಮೆರಿಕದ ಕಾನೂನು ಮಾದರಿಯೆಂದು ನಾನು ಹೇಳುವುದಿಲ್ಲ. ಅದರಲ್ಲಿ ಕ್ರೌರ್ಯ ಸಾಕಷ್ಟಿದೆ. ಸುಳ್ಳು ಮದುವೆಯನ್ನು ಪರೀಕ್ಷಿಸಿ ಹಿಡಿಯುವ ಉಪಾಯಗಳಿವೆ, ನಿಜವಾದ ಮದುವೆಯನ್ನು ಒಡೆಯದೆ ಅದನ್ನು ಮಾಡಬಹುದು ಎಂಬುದಷ್ಟೇ ನನ್ನ ಮಾತು. ಇನ್ನು, ಮಗುವಿನ ಪೌರತ್ವ ಕಿತ್ತುಕೊಂಡರೆ ಯಾವ ದಲಾಲನೂ ಹೆದರುವುದಿಲ್ಲ.

ತಾಯಿಯ ಸ್ಥಾನಕ್ಕಾಗಿ ಮಗುವನ್ನು ಶಿಕ್ಷಿಸಬಾರದು ಎಂಬ ಮಾತಿಗೆ ಆಧಾರ ಹುಡುಕುತ್ತ ನಾನು ಬಂದು ನಿಂತದ್ದು ಸವದತ್ತಿಯಲ್ಲಿ. ಎಲ್ಲಮ್ಮನ ಗುಡ್ಡದ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹೆಣ್ಣುಮಕ್ಕಳ ಸ್ಥಿತಿ ನಿಮಗೆ ಹೇಳಬೇಕಿಲ್ಲ. ದೇವರಿಗೆ ಬಿಟ್ಟವಳು ಮನುಷ್ಯನನ್ನು ಮದುವೆಯಾಗುವಂತಿಲ್ಲ, ಅವಳ ಮಕ್ಕಳಿಗೆ ತಂದೆಯಿಲ್ಲ ಎಂಬುದು ರೂಢಿ. 1934ರ ಮುಂಬಯಿ ದೇವದಾಸಿಯರ ರಕ್ಷಣಾ ಕಾಯ್ದೆ ಆ ರೂಢಿಯನ್ನು ನೇರವಾಗಿ ಮುರಿಯಿತು. ರೂಢಿ ಏನೇ ಹೇಳಲಿ, ಶಾಸ್ತ್ರ ಏನೇ ಹೇಳಲಿ, ದೇವದಾಸಿ ಎಂಬ ಕಾರಣಕ್ಕೆ ಯಾವ ಹೆಣ್ಣಿನ ಮದುವೆಯೂ ಅಸಿಂಧುವಲ್ಲ, ಆ ಮದುವೆಯ ಮಕ್ಕಳು ಅಕ್ರಮ ಸಂತಾನವಲ್ಲ ಎಂದು ಅದು ಸಾರಿತು. 1982ರ ಕರ್ನಾಟಕದ ಕಾಯ್ದೆ ಅದೇ ದಾರಿಯಲ್ಲಿ ನಡೆಯಿತು. ಕಾಯ್ದೆ ಬಂದ ಮೇಲೂ ಮುತ್ತು ಕಟ್ಟುವುದು ನಿಲ್ಲಲಿಲ್ಲ, ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಸಾಲು ಆ ಮಕ್ಕಳನ್ನು ಚುಚ್ಚುತ್ತಲೇ ಬಂತು. ಅದಕ್ಕೇ 2025ರಲ್ಲಿ ನಮ್ಮ ವಿಧಾನಮಂಡಲ ಮತ್ತೊಂದು ಮಸೂದೆಯನ್ನು ಅಂಗೀಕರಿಸಬೇಕಾಯಿತು. ಆದರೂ 1934ರಲ್ಲಿ ಒಪ್ಪಿದ ತತ್ತ್ವ ಸರಿಯಾದದ್ದು. ತಾಯಿಯ ಸ್ಥಾನ ಏನೇ ಇರಲಿ, ಅವಳ ಮದುವೆ ಉಳಿಯಬೇಕು, ಅವಳ ಮಗು ಉಳಿಯಬೇಕು. ಪರಸಗಡ ತಾಲ್ಲೂಕಿನ ಬಡ ಹೆಣ್ಣಿಗೆ ವಸಾಹತು ಕಾಲದ ಶಾಸಕಾಂಗ ಕೊಟ್ಟ ಈ ರಕ್ಷಣೆಯನ್ನು ಸ್ವತಂತ್ರ ಭಾರತದ ಸಂಸತ್ತು 2003ರಲ್ಲಿ ಕಾಗದವಿಲ್ಲದ ತಾಯಿಯ ಮಗುವಿಗೆ ಕೊಡಲಿಲ್ಲ.

ಆದ್ದರಿಂದ ನಾನು ಕೇಳುವುದು ಎರಡು. ತಂದೆ ತಾಯಿಯರಲ್ಲಿ ಒಬ್ಬರು ಪೌರರಾಗಿದ್ದು ಈ ನೆಲದಲ್ಲಿ ಹುಟ್ಟಿದ ಮಗುವಿಗೆ ಇನ್ನೊಬ್ಬರ ಕಾಗದ ಕೇಳದೆ ಪೌರತ್ವ ಕೊಡಬೇಕು. 2004ರ ಡಿಸೆಂಬರಿಗೆ ಮೊದಲು ಹಾಗೆಯೇ ಇತ್ತು. ಪೌರರೊಬ್ಬರ ಹೆಂಡತಿ ಅಥವಾ ಗಂಡ ಹಲವು ವರ್ಷ ಇಲ್ಲಿ ನಿಜವಾದ ಸಂಸಾರ ಮಾಡಿದ್ದರೆ, ಸೆರೆಯ ಹೆದರಿಕೆ ಇಲ್ಲದೆ ಅರ್ಜಿ ಹಾಕಿ ವಿಚಾರಣೆ ಪಡೆಯುವ ಅವಕಾಶ ಇರಬೇಕು. ವಿಚಾರಣೆ ಕಟ್ಟುನಿಟ್ಟಾಗಿಯೇ ಇರಲಿ.

ಈ ಭಾಗದಿಂದ ಹೊರದೇಶಕ್ಕೆ ಹೆಣ್ಣು ಕೊಡುವವರಿಗೆ ಒಂದು ಮಾತು. ನಮ್ಮಲ್ಲಿ ಯಾದಿ ಬರೆಯುವಾಗ ಬಂಗಾರ, ಬಟ್ಟೆ, ಊಟದ ಖರ್ಚು ಎಲ್ಲ ಬರೆಯುತ್ತೇವೆ. ಮಗಳು ಯಾವ ವೀಸಾದ ಮೇಲೆ ಹೋಗುತ್ತಾಳೆ ಎಂದು ಬರೆಯುವುದಿಲ್ಲ. ಅಮೆರಿಕದಲ್ಲಿ ಹೆಂಡತಿಯ ಎಚ್-4 ವೀಸಾ ಗಂಡನ ಕೆಲಸದ ವೀಸಾ ಎಚ್-1ಬಿ ಮೇಲೆ ನಿಂತಿರುತ್ತದೆ. ಗಂಡನ ಕೆಲಸ ಹೋದರೆ ಅವಳ ವೀಸಾಕ್ಕೂ ಕುತ್ತು, ವಿಚ್ಛೇದನವಾದರೆ ಅವಳ ಆಧಾರವೇ ಹೋಯಿತು. ಅಲ್ಲಿ ಅವಳೇ ಕಾಗದವಿಲ್ಲದವಳಾಗುತ್ತಾಳೆ. ಮದುವೆಯನ್ನು ಇಲ್ಲಿಯೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. 1976ರ ಕರ್ನಾಟಕ ವಿವಾಹ ನೋಂದಣಿ ಕಾಯ್ದೆಯಲ್ಲಿ ಅದಕ್ಕೆ ವ್ಯವಸ್ಥೆ ಇದೆ, 2006ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ಹೇಳಿದೆ. ಮಗಳ ಪಾಸ್‌ಪೋರ್ಟು ಮಗಳ ಕೈಯಲ್ಲೇ ಇರಲಿ, ಅತ್ತೆಯ ಟ್ರೆಜರಿಯಲ್ಲಿ ಬೇಡ. ವೀಸಾ, ಮದುವೆಯ ಪ್ರಮಾಣಪತ್ರ, ಗಂಡನ ಕೆಲಸದ ಕಾಗದಗಳ ನಕಲು ತವರಿನಲ್ಲಿಯೂ ಇರಲಿ.

ಹಾಗೆಯೇ, ನಿಮ್ಮ ಓಣಿಯಲ್ಲಿ ಹೊರದೇಶದಿಂದ ಬಂದ ಸೊಸೆಯೋ ಅಳಿಯನೋ ಇದ್ದು ಅವರ ಕಾಗದ ಹೆಚ್ಚುಕಡಿಮೆ ಆಗಿದ್ದರೆ, ಬಚ್ಚಿಡಬೇಡಿ, ದಲಾಲರಿಗೆ ದುಡ್ಡು ಕೊಟ್ಟು ಸುಳ್ಳು ಆಧಾರ್ ಮಾಡಿಸಬೇಡಿ. ಅಲ್ಲಿಯವರೆಗೆ ಬರಿಯ ವೀಸಾದ ತಪ್ಪಾಗಿದ್ದದ್ದು ಅದರಿಂದ ನಕಲಿ ದಾಖಲೆಯ ಅಪರಾಧವಾಗುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಸೆಕ್ಷನ್ನಿನ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಸೆರೆಯಲ್ಲಿರುವವರಿಗೆ ವಕೀಲರ ನೆರವು ಪುಕ್ಕಟೆ. ಅವರ ಆದಾಯವನ್ನು ಆ ಸೆಕ್ಷನ್ ಕೇಳುವುದಿಲ್ಲ, ಪೌರತ್ವವನ್ನೂ ಕೇಳುವುದಿಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಅರ್ಜಿಯನ್ನು ಕನ್ನಡದಲ್ಲಿಯೇ ಬರೆದುಕೊಡಬಹುದು. ಬರೆಯಲು ಬಾರದಿದ್ದರೆ ಅಲ್ಲಿನವರು ಕೇಳಿ ಬರೆದುಕೊಳ್ಳಬೇಕು.